ಮಡಲು ಹೊದ್ದ ಗೋಡೆ

“ಮನೆ ಬರ್ಕಂಡು ಹೋದವನ ಕಣ್ಣು ಕುರುಡು ಅಂತಲೇ ಇಟ್ಕೊಳ್ವ. ನಿಮ್ಮ ಬಾಯಿಗೆ ಎಂತ ಬಡಿದಿತ್ತು? ಒಳಗೆ ಬನ್ನಿ ಸ್ವಾಮಿ, ಗೋಡೆ ಮುಟ್ಟಿ ನೋಡಿ ಅಂತ ಒಂದು ಮಾತು ಹೇಳೂಕೆ ಆಗ್ಲಿಲ್ವಾ?”

“ಮಳೆ ಹೊಯ್ತಿತ್ತು. ಅವ ಕೊಡೆ ಹಿಡ್ಕಂಡು ರಸ್ತೆಲೇ ನಿಂತಿದ್ದ,” ಎಂದ ಈರ.

“ಮಳೆ ಹೊಯ್ತಿತ್ತಂತೆ. ಆಷಾಢದಲ್ಲಿ ಮಳೆ ಹೊಯ್ಯದೆ ಶೆಟ್ಲಿ ಮೀನು ಹೊಯ್ತದಾ?”

ದುರ್ಗಿ ಮೀನಿನ ಬುಟ್ಟಿಯನ್ನು ಜಗಲಿಗೆ ಕುಕ್ಕಿದಳು. ಗಂಡನಿಗೆ ಹೊಡೆಯಲಾಗದ ಏಟನ್ನು ಬುಟ್ಟಿಗೆ ಕೊಟ್ಟಂತಿತ್ತು. ಈರ ಹರಿದ ಬಲೆಯನ್ನು ತೊಡೆಯ ಮೇಲೆ ಎಳೆದುಕೊಂಡು ತಲೆ ತಗ್ಗಿಸಿದ. ದೋಣಿ ದಡಕ್ಕೆಳೆದು ತಿಂಗಳಾಗಿತ್ತು. ಕೈಗೆ ಬೇರೆ ಕೆಲಸ ಇರಲಿಲ್ಲ.

ನೋಟೀಸು ಆ ಬೆಳಿಗ್ಗೆ ಬಂದಿತ್ತು. ಅಂಚೆಯ ಮಹಾಬಲ ಅದನ್ನು ಓದಿ ಹೇಳಿ, ಯಾರ ಮುಖವನ್ನೂ ನೋಡದೆ ಸೈಕಲ್ಲು ಹತ್ತಿ ಹೋದ. ಹೊಳನಗದ್ದೆಯ ಸಮುದ್ರದ ಬದಿಗೆ ಹೊಸ ರಸ್ತೆ ಬರುತ್ತದೆ, ಒಂಬತ್ತು ಮನೆ ಹೋಗುತ್ತವೆ ಎಂಬುದು ಎರಡು ವರ್ಷದ ಹಳೆಯ ಸುದ್ದಿ. ಮನೆ ಹೋಗುವುದಕ್ಕೆ ದುರ್ಗಿ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಸರ್ಕಾರ ಕೊಡುವ ದುಡ್ಡಿನಲ್ಲಿ ಮತ್ತೊಂದು ಕಲ್ಲಿನ ಮನೆ ಎದ್ದರೆ ಆಯಿತು ಎಂದಿದ್ದಳು. ಆದರೆ ಆ ಕಾಗದದಲ್ಲಿ ಬರೆದಿದ್ದೇ ಬೇರೆ. ಗೋಡೆ, ಮಡಲ ತಟ್ಟಿ. ವರ್ಗ, ಗುಡಿಸಲು. ನೆಲಕ್ಕೂ ಮನೆಗೂ ಸೇರಿ ಆರು ಸಾವಿರದ ನಾನೂರು ರೂಪಾಯಿ.

ಗೋಡೆ ಮಡಲಿನದಲ್ಲ. ಅದು ಕೆಂಪು ಚಿರೆಕಲ್ಲಿನ ಗೋಡೆ. ಹೊರಗೆ ಗಾರೆ ಮಾಡಿಸಲು ದುಡ್ಡು ಸಾಲದ್ದರಿಂದ, ಸಮುದ್ರದ ಕಡೆಯ ಮಳೆ ಕಲ್ಲಿಗೆ ಇಳಿಯದ ಹಾಗೆ, ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ತೆಂಗಿನ ಮಡಲು ಹೆಣೆದು ತಟ್ಟಿ ಮಾಡಿ ಗೋಡೆಯ ಮೈಗೆ ಕಟ್ಟುತ್ತಿದ್ದರು. ದೀಪಾವಳಿಗೆ ಬಿಚ್ಚಿ ಒಲೆಗೆ ಹಾಕುತ್ತಿದ್ದರು. ಆ ಬದಿಯ ಮನೆಗಳೆಲ್ಲ ಜೂನಿನಿಂದ ಅಕ್ಟೋಬರಿನವರೆಗೆ ಹೊರಗಿನವರಿಗೆ ಗುಡಿಸಲಿನ ಹಾಗೇ ಕಾಣುತ್ತವೆ. ಈರ ಈ ಸಲ ಎರಡು ಸುತ್ತು ಕಟ್ಟಿದ್ದ, ಸೂರಿನಿಂದ ನೆಲದವರೆಗೆ. ಎಲ್ಲಿಯೂ ಒಂದು ಬೆರಳಷ್ಟು ಕಲ್ಲು ಕಾಣುತ್ತಿರಲಿಲ್ಲ.

ಆ ಕಲ್ಲು ದುರ್ಗಿಯದು. ಎಪ್ಪತ್ತೆರಡನೆಯ ಇಸವಿಯಲ್ಲಿ, ಕುಮಟೆಯ ಮನೆಮನೆಯ ಹಿತ್ತಿಲಬಾಗಿಲಿಗೆ ಮೀನು ಹೊತ್ತು, ಬಂದ ಲಾಭದಲ್ಲಿ ದಿನಕ್ಕೆ ಮೂರೋ ನಾಲ್ಕೋ ಕಲ್ಲು ಕೊಂಡು ಕಟ್ಟಿಸಿದ್ದಳು. ಪಡುವಣ ಗೋಡೆ ಬಂಗುಡೆಯದು, ಅಡುಗೆಮನೆ ಶೆಟ್ಲಿಯದು, ಜಗಲಿ ಇಡೀ ಒಂದು ಮಳೆಗಾಲದ ಒಣಮೀನಿನದು ಎಂದು ಅವಳು ಬಂದವರಿಗೆಲ್ಲ ತೋರಿಸುತ್ತಿದ್ದಳು. ಗಾಡಿ ಹೋಗದ ಮರಳಿನಲ್ಲಿ ಒಂದೊಂದು ಕಲ್ಲನ್ನೂ ಅವಳೇ ತಲೆಯ ಮೇಲೆ ತಂದಿದ್ದಳು.

“ಸುಮ್ನೆ ನಿಂತು ನೋಡಿ ಗುಡಿಸಲು ಅಂತ ಬರ್ದ್ನಾ? ಎಂತದೂ ಕೇಳಲೇ ಇಲ್ವಾ?” ಎಂದು ಅವಳು ಮತ್ತೆ ಕೇಳಿದಳು.

“ಇಲ್ಲ,” ಎಂದ ಈರ.

ಅದು ಸುಳ್ಳು. ಕೊಡೆಯವನು ಕೇಳಿದ್ದ.

ಮನೆ ಕಟ್ಟಿದ ವರ್ಷ ಪಂಚಾಯತಿಯ ತೆರಿಗೆಯ ಶಾಂತಾರಾಮ ಮಳೆಯಲ್ಲಿ ಬಂದು, ಎಂತ ಬರೆಯಲಿ ಎಂದಾಗ, ಕಣ್ಣಿಗೆ ಕಂಡದ್ದನ್ನು ಬರೆಯಿರಿ ಎಂದು ಈರ ನಕ್ಕಿದ್ದ. ಕಲ್ಲಿನ ಮನೆಗೆ ವರ್ಷಕ್ಕೆ ಹದಿನಾಲ್ಕು ರೂಪಾಯಿ ತೆರಿಗೆ, ಗುಡಿಸಲಿಗೆ ಮೂರು. ಶಾಂತಾರಾಮನಿಗೂ ಕೆಸರಿನಲ್ಲಿ ಇಳಿದು ಬರುವ ಉಮೇದು ಇರಲಿಲ್ಲ. ಅಂದಿನಿಂದ ಹನ್ನೊಂದು ವರ್ಷ ಈರನದು ಪುಸ್ತಕದಲ್ಲಿ ಗುಡಿಸಲೇ. ದಡದಲ್ಲಿ ಬೀಡಿ ಸೇದುವಾಗ ಅವನು ಈ ಕತೆ ಹೇಳಿ ಎಷ್ಟು ಜನರನ್ನು ನಗಿಸಿದ್ದನೋ ಲೆಕ್ಕವಿಲ್ಲ. ಆಗ ದುರ್ಗಿಯೂ ನಕ್ಕಿದ್ದಳು.

ಹೋದ ತಿಂಗಳು ಕೊಡೆ ಹಿಡಿದು, ಉದ್ದನೆಯ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹೊಸ ಮುಖವೊಂದು ರಸ್ತೆಯಲ್ಲಿ ನಿಂತಾಗ, ಶಾಂತಾರಾಮನಿಗೆ ವರ್ಗವಾಗಿರಬೇಕು, ಇವನು ತೆರಿಗೆಯ ಹೊಸಬ ಎಂದು ಈರ ಎಣಿಸಿದ. ಗೋಡೆ ಯಾವುದರದು ಎಂದು ಅವನು ಕೂಗಿ ಕೇಳಿದ. ಕಾಣ್ತದಲ್ಲ ಸ್ವಾಮಿ, ಮಡಲಿಂದು, ಬಡವರ ಮನೆ ಎಂದು ಈರ ಕೂಗಿ ಹೇಳಿದ. ಅವನು ಬರೆದುಕೊಂಡು ಹೋದ. ಹನ್ನೊಂದು ರೂಪಾಯಿ ಉಳಿಯಿತೆಂದು ಈರ ಆ ದಿನ ಒಂದು ಚಹಾ ಹೆಚ್ಚಿಗೆ ಕುಡಿದ.

ದುರ್ಗಿ ಮರುದಿನ ಕುಮಟೆಯ ಕಚೇರಿಗೆ ಹೋಗುವುದೆಂದು ಹೊರಟು ನಿಂತಳು. ಈರ ತಡೆದ. ಮೊದಲು ಆರು ಸಾವಿರಕ್ಕೆ ಎಲ್ಲಿ ಎಂತ ಸಿಗುತ್ತದೆ ನೋಡಿಕೊಂಡು ಬರುತ್ತೇನೆ, ಆಮೇಲೆ ಹೋಗೋಣ ಎಂದ. ಕಚೇರಿಯ ಬಾಗಿಲಿಗೆ ಹೋಗುವುದನ್ನು ಎಷ್ಟು ದಿನ ಮುಂದೆ ಹಾಕಬಹುದೋ ಅಷ್ಟು ದಿನ ಹಾಕಬೇಕಿತ್ತು ಅವನಿಗೆ.

ಊರಿನಲ್ಲೇ ಮೊದಲು ಕೇಳಿದ. ಪರಿಹಾರದ ಸುದ್ದಿ ಬಂದ ಮೇಲೆ ಹೊಳನಗದ್ದೆಯ ನೆಲಕ್ಕೆ ಕೊಂಬು ಬಂದಿತ್ತು. ಬೀರಪ್ಪನ ಗದ್ದೆಯ ಮೂಲೆಯಲ್ಲಿ, ಮಳೆಗಾಲದಲ್ಲಿ ಮೊಣಕಾಲಿನವರೆಗೆ ನೀರು ನಿಲ್ಲುವ ಎರಡು ಗುಂಟೆಗೆ ಒಂಬತ್ತು ಸಾವಿರ ಎಂದರು. ಕುಮಟೆ ಪೇಟೆಯ ಹಿಂದೆ ಒಂದು ಹಳೆಯ ಹಂಚಿನ ಮನೆ ಮಾರಾಟಕ್ಕಿತ್ತು. ಅದರ ಯಜಮಾನ ಕಂಬ ಕಂಬಕ್ಕೆ, ತೊಲೆ ತೊಲೆಗೆ ಬೇರೆ ಬೇರೆ ಬೆಲೆ ಕಟ್ಟಿ ಇಪ್ಪತ್ತು ಸಾವಿರದ ಹತ್ತಿರ ತಂದ. ಮರಕ್ಕೆ ಇಷ್ಟಾದರೆ ಒಳಗೆ ಮಲಗುವ ಮನುಷ್ಯನಿಗೆ ಎಷ್ಟು ಎಂದು ಈರ ಕೇಳಿದ್ದಕ್ಕೆ ಅವನಿಗೆ ಸಿಟ್ಟು ಬಂತು.

ಹೊನ್ನಾವರದ ಈಚೆಯ ಕರ್ಕಿಗೆ ಹೋದ. ಅಲ್ಲಿ ಐದು ಸಾವಿರಕ್ಕೆ ಮನೆ ಇತ್ತು. ಮಣ್ಣಿನ ಗೋಡೆ, ಸೋಗೆಯ ಮಾಡು, ತಗ್ಗಿ ನುಗ್ಗಬೇಕಾದ ಬಾಗಿಲು. ಒಳಗೆ ಹೊಕ್ಕು ನೋಡಿದ. ಸಗಣಿ ಸಾರಿಸಿದ ನೆಲ ತಣ್ಣಗಿತ್ತು. ಆಗಬಹುದು ಎನ್ನುವಷ್ಟರಲ್ಲಿ, ನೆಲ ಮಾತ್ರ ಗೌಡರದು, ಅವರು ಏಳು ಎಂದ ದಿನ ಏಳಬೇಕು ಎಂದು ಮಾರುವವನೇ ಹೇಳಿದ. ಒಳ್ಳೆಯ ಮನುಷ್ಯ. ಹೇಳದೆ ಮಾರಬಹುದಿತ್ತು.

ಕಡೆಗೆ ಭಟ್ಕಳದ ಹತ್ತಿರದ ಹೆಬಳೆಗೆ, ತಂಗಿ ಗಂಗೆಯ ಮನೆಗೆ ಹೋದ. ಅಲ್ಲಿ ಕೊಲ್ಲಿ ದೇಶಕ್ಕೆ ಹೋದವರ ಮನೆಗಳು ಸಾಲಾಗಿ ಎದ್ದಿದ್ದವು. ಹಂಚಿಲ್ಲ, ಇಳಿಜಾರಿನ ಮಾಡಿಲ್ಲ, ಚಪ್ಪಟೆ ಸಿಮೆಂಟಿನ ನೆತ್ತಿ, ಕಿಟಕಿಗೆ ಹಸಿರು ಬಣ್ಣದ ಕಬ್ಬಿಣದ ಹೂವು. ಒಂದು ಬಾವಿ, ಎರಡು ತೆಂಗು, ಮುರುಕು ಮನೆ ಇದ್ದ ಜಾಗಕ್ಕೆ ನಲವತ್ತು ಸಾವಿರ. ಮನೆಗೆ ಎಷ್ಟು ಎಂದು ಕೇಳಿದರೆ, ಅದಕ್ಕೆ ಬೆಲೆ ಇಲ್ಲ, ಕೆಡವುವ ಕೂಲಿ ಬೇಕಾದರೆ ಕಳೆಯಿರಿ ಎಂದರು. ಆ ಮುರುಕು ಮನೆಯ ಗೋಡೆ ಈರನ ಮನೆಯಂಥದೇ ಚಿರೆಕಲ್ಲಿನದು.

ಗಂಗೆಯ ಮನೆಯೂ ಅದೇ ರಸ್ತೆಗೆ ಹೋಗುವುದಿತ್ತು. ಅವಳದು ಮಣ್ಣಿನ ಗೋಡೆ, ಅದಕ್ಕೆ ಸುಣ್ಣ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಬಂದು ಅಳೆದಿದ್ದರು. ಹನ್ನೊಂದು ಸಾವಿರ ಬಂದಿತ್ತು.

“ನಮ್ದು ಬರೀ ಮಣ್ಣು ಅಣ್ಣಾ. ನಿಂದು ಕಲ್ಲು. ನಿಂಗೆ ಇಪ್ಪತ್ತಾದ್ರೂ ಬತ್ತದೆ. ಅತ್ತಿಗೆಗೆ ಹೇಳು, ಹೊಸ ಮನೆಗೆ ನಾನೇ ಮೊದ್ಲು ಬರೂದು,” ಎಂದು ಗಂಗೆ ಅವನಿಗೆ ಅಕ್ಕಿರೊಟ್ಟಿ ಬಡಿಸಿದಳು. ಈರ ತಿಂದ. ಎಷ್ಟು ಬಂತೆಂದು ಅವಳಿಗೆ ಹೇಳಲಿಲ್ಲ.

ಕೊನೆಗೂ ಕಚೇರಿಗೆ ಹೋಗಲೇಬೇಕಾಯಿತು. ದುರ್ಗಿ ಮುಂದೆ, ಈರ ಹಿಂದೆ. ಒಳಗೆ ಕೂತಿದ್ದವನು ಅವತ್ತು ಕೊಡೆ ಹಿಡಿದು ಬಂದವನೇ, ಬಿಜಾಪುರದ ಕಡೆಯ ಗುಮಾಸ್ತ. ಕೆಟ್ಟವನಲ್ಲ. ದುರ್ಗಿಗೆ ಕೂರಲು ಬೆಂಚು ತೋರಿಸಿದ. ಅವಳು ಕೂರಲಿಲ್ಲ. ತನ್ನ ಗೋಡೆ ಕಲ್ಲಿನದೆಂದೂ, ಮಳೆಗಾಲದಲ್ಲಿ ಮಡಲು ಕಟ್ಟುವುದು ಈ ಕಡೆಯ ರೂಢಿಯೆಂದೂ ಒಂದೇ ಉಸಿರಿಗೆ ಹೇಳಿದಳು. ಗುಮಾಸ್ತ ಕೇಳಿ ನಿಜಕ್ಕೂ ಬೆರಗಾದ.

“ನಮ್ಮ ಕಡೆ ಮಣ್ಣಿನ ಮಾಳಿಗಿ ತಾಯಿ, ಮಳಿನೇ ಇಲ್ಲ. ಗ್ವಾಡಿಗೆ ಸೀರಿ ಉಡಸೋದು ನಾ ಇಲ್ಲೇ ಕೇಳಿದ್ದು,” ಎಂದ. ಆಮೇಲೆ ಈರನ ಮುಖ ನೋಡಿದ. “ಆದ್ರ ನಾ ಕೇಳೇನಿ. ಗ್ವಾಡಿ ಯಾವುದರದು ಅಂತ ಒದರಿ ಕೇಳೇನಿ. ಇವರೇ ಹೇಳ್ಯಾರ, ಮಡಲು ಅಂತ.”

ದುರ್ಗಿ ಗಂಡನ ಕಡೆ ತಿರುಗಿದಳು. ಈರ ಗೋಡೆಯ ಮೇಲಿನ ಕ್ಯಾಲೆಂಡರು ನೋಡಿದ.

“ತೆರಿಗೆಯವ ಅಂದ್ಕಂಡೆ,” ಎಂದ.

ಗುಮಾಸ್ತ ತನ್ನ ಕೈಲಾದದ್ದನ್ನೆಲ್ಲ ಹೇಳಿದ. ಮತ್ತೆ ಅಳೆಯಿರಿ ಎಂದು ಅರ್ಜಿ ಕೊಡಬಹುದು. ಕೊಟ್ಟರೆ ಮೇಲಿನವರು ಮೊದಲು ಪಂಚಾಯತಿಯ ಪುಸ್ತಕ ತರಿಸುತ್ತಾರೆ. ಅಲ್ಲಿ ಹನ್ನೊಂದು ವರ್ಷದಿಂದ ಗುಡಿಸಲು ಎಂದೇ ಇದೆ, ಅವನು ಆಗಲೇ ನೋಡಿದ್ದ. ಗುಡಿಸಲು ನಿಜವಾದರೆ ಅರ್ಜಿ ಸುಳ್ಳು. ಕಲ್ಲು ನಿಜವಾದರೆ ತೆರಿಗೆ ಸುಳ್ಳು, ಅದಕ್ಕೆ ದಂಡ, ಮೇಲೆ ಕೇಸು. ಅಷ್ಟಾಗಿಯೂ ಪುಸ್ತಕದ ಮಾತನ್ನೇ ನಂಬುವುದು ಹೆಚ್ಚು. ತಿಂಗಳ ಕೊನೆಯೊಳಗೆ ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತದಿದ್ದರೆ ದುಡ್ಡು ಕೋರ್ಟಿಗೆ ಹೋಗುತ್ತದೆ, ಮನೆ ಮಾತ್ರ ಹೇಗೂ ಹೋಗುತ್ತದೆ.

“ನೀವೇ ಬಂದು ಒಂದು ಸಲ ಮುಟ್ಟಿ ನೋಡಿ,” ಎಂದಳು ದುರ್ಗಿ.

“ನಾ ಮುಟ್ಟಿದ್ರ ಏನಾಗತೈತಿ ತಾಯಿ? ನಾ ನೂರಾ ಎಂಬತ್ತು ಮನಿ ಬರದೇನಿ. ನಂದೇ ಕೈಯಿಂದ ತಿದ್ದಿದ್ರ ನಂದೇ ನೌಕರಿ ಹೋಗತೈತಿ.”

ಹೊರಗೆ ಬಂದು ಕಚೇರಿಯ ಮೆಟ್ಟಿಲ ಮೇಲೆ ನಿಂತು ದುರ್ಗಿ ಬೈಯಲಿಲ್ಲ. ಈರನಿಗೆ ಅದೇ ಹೆದರಿಕೆಯಾಯಿತು. ನೀನೂ ಅವತ್ತು ನಗಾಡಿದ್ದೆಯಲ್ಲ ಎಂದು ತಾನೇ ಕೆಣಕಿದ. ಹೌದು, ನಗಾಡಿದ್ದೆ ಎಂದಳು. “ಕೇಸಾದ್ರೆ ಆಗ್ಲಿ, ದಂಡ ಹಾಕಿದ್ರೆ ನಾನು ಕಟ್ತೆ. ಮನೆ ಒಂದು ಸಲ ಕಟ್ಟಿದ್ದೆ, ಇನ್ನೊಂದು ಸಲ ಕಟ್ತೆ. ನೀವು ಒತ್ತಬೇಡಿ. ನಮ್ದು ಗುಡಿಸಲು ಅಂತ ನಿಮ್ಮ ಕೈಲಿ ಒತ್ತಬೇಡಿ. ಅಷ್ಟೇ ನಾ ಕೇಳೂದು.” ಈರ ಆತು ಎಂದ. ಅವಳು ಮೆಟ್ಟಿಲ ಬದಿಗಿಟ್ಟಿದ್ದ ಒಣಮೀನಿನ ಬುಟ್ಟಿ ಎತ್ತಿಕೊಂಡು ಪೇಟೆಯ ಕಡೆ ನಡೆದಳು.

ಈರ ಅಲ್ಲೇ ನಿಂತ. ಕೇಸೆಂದರೆ ಕೋರ್ಟು. ಸಮುದ್ರದಲ್ಲಿ ಗಾಳಿ ತಿರುಗಿದರೆ ಎಂತ ಮಾಡಬೇಕೆಂದು ಅವನಿಗೆ ಗೊತ್ತು, ಕೋರ್ಟಿನಲ್ಲಿ ಗೊತ್ತಿಲ್ಲ. ಆರು ಸಾವಿರವೂ ಹೋದರೆ ಕರ್ಕಿಯ ಆ ತಗ್ಗು ಬಾಗಿಲೂ ಇಲ್ಲ. ಹನ್ನೊಂದು ವರ್ಷ ಪುಸ್ತಕದಲ್ಲಿ ಇದ್ದದ್ದನ್ನು ಇವತ್ತು ಒಬ್ಬ ಈರ ಸುಳ್ಳೆಂದರೆ ಯಾರು ಕೇಳುತ್ತಾರೆ? ಮಳೆ ಜೋರಾಯಿತು. ಅವನು ಮತ್ತೆ ಒಳಗೆ ಹೋದ. ಸಹಿ ಹಾಕಲು ಬರುತ್ತದೆ ಎಂದ. ಹೆಬ್ಬೆಟ್ಟೂ ಬೇಕು ಎಂದರು. ಎರಡೂ ಕೊಟ್ಟ.

ಅವನು ಮನೆಗೆ ಬಂದಾಗ ಹೊತ್ತು ಇಳಿಯುತ್ತಿತ್ತು. ದುರ್ಗಿ ಅವನಿಗಿಂತ ಮುಂಚೆ ಬಂದಿದ್ದಳು. ಪಡುವಣ ಗೋಡೆಯ ತಟ್ಟಿಗಳನ್ನು ಕತ್ತಿಯಿಂದ ಕೊಯ್ದು ಕೊಯ್ದು ಅಂಗಳಕ್ಕೆ ಎಸೆಯುತ್ತಿದ್ದಳು. ಬಂದವರು ನೋಡಲಿ, ಅಳೆಯುವವರು ಇನ್ನೊಮ್ಮೆ ಬಂದರೆ ರಸ್ತೆಯಿಂದಲೇ ಕಾಣಲಿ ಎಂದಳು. ಮಳೆ ನೇರ ಕಲ್ಲಿಗೆ ಹೊಡೆದು, ಕಲ್ಲು ಕೆಂಪಗೆ ಒದ್ದೆಯಾಗಿ ಹೊಳೆಯುತ್ತಿತ್ತು. ಆ ಕಡೆ ಹಿಡಿಯಿರಿ ಎಂದು ಅವಳು ತಟ್ಟಿಯ ತುದಿ ತೋರಿಸಿದಳು. ಈರ ಹಿಡಿದ.

ಅವಳ ಕಣ್ಣು ಅವನ ಎಡಗೈ ಹೆಬ್ಬೆರಳ ಮೇಲೆ ನಿಂತಿತು. ಶಾಯಿ ನೀಲಿಯಾಗಿ ಉಗುರಿನ ಸಂದಿಗೆ ಇಳಿದಿತ್ತು. ದಾರಿಯಲ್ಲಿ ಅವನು ಮೂರು ಕಡೆ ಮರಳಿನಲ್ಲಿ ತಿಕ್ಕಿದ್ದ, ಹೋಗಿರಲಿಲ್ಲ.

“ಕೇಸು ಅಂದ್ರಲ್ಲ,” ಎಂದ ಈರ.

ದುರ್ಗಿ ಕತ್ತಿಯನ್ನು ಜಗಲಿಯ ಮೇಲೆ ಮೆಲ್ಲಗೆ ಇಟ್ಟಳು. ಒಳಗೆ ಹೋಗಿ ಒಂದು ಸೀರೆಯನ್ನು ಬುಟ್ಟಿಯ ತಳಕ್ಕೆ ಹಾಕಿದಳು. ಮಳೆಗೆಂದು ಕಂಬಳಿ ಕೊಪ್ಪೆ ತಲೆಗೆ ಹಾಕಿಕೊಂಡಳು. ಹೊರಗೆ ಬರುವಾಗ ಜಗಲಿಯ ಗೋಡೆಗೆ ಒಂದು ಸಲ ಅಂಗೈ ಇಟ್ಟಳು.

“ಗುಡಿಸಲಲ್ಲಿ ಇರೂಕೆ ನಿಮಗೆ ಬತ್ತದೆ. ನಂಗೆ ಬತ್ತಿಲ್ಲ,” ಎಂದು ಅಂಗಳ ಇಳಿದಳು.

ಈರ ಕರೆಯಲಿಲ್ಲ. ಪೇಟೆಗೆ ಹೋಗಿ ಸಿಟ್ಟು ಇಳಿದ ಮೇಲೆ ಬರುತ್ತಾಳೆ, ಹಿಂದೆ ಎರಡು ಸಲ ಹಾಗೇ ಆಗಿತ್ತು. ಹೊನ್ನಾವರದ ಬಸ್ಸು ತಿರುವಿನಲ್ಲಿ ನಿಂತು ಮತ್ತೆ ಹೊರಟ ಸದ್ದು ಕೇಳಿತು. ಅವನು ಅಂಗಳದ ಕೆಸರಿನಿಂದ ಒಂದು ತಟ್ಟಿ ಎತ್ತಿ, ಮಣ್ಣು ಜಾಡಿಸಿ, ಗೋಡೆಗೆ ಆನಿಸಿ ಮತ್ತೆ ಕಟ್ಟತೊಡಗಿದ. ಅವಳು ಬರುವಷ್ಟರಲ್ಲಿ ಕಲ್ಲು ನೀರು ಕುಡಿಯಬಾರದು. ಒಂದನ್ನು ಕಟ್ಟಿದ, ಇನ್ನೊಂದನ್ನು ಕಟ್ಟಿದ. ಮೂರನೆಯದಕ್ಕೆ ಹಗ್ಗ ಸಾಲಲಿಲ್ಲ. ಮಳೆಗಾಲ ಕಳೆದು ದೀಪಾವಳಿ ಬಂತು, ತಟ್ಟಿ ಬಿಚ್ಚುವ ಹೊತ್ತಾಯಿತು. ಮನೆ ಕೆಡವಲು ರಸ್ತೆಯವರೂ ಬಂದರು. ದುರ್ಗಿ ಬರಲಿಲ್ಲ.