ಬಾಗಿಲ ಪಕ್ಕದ ಬೆಂಚು

ನೋಯಿಸಿದವರ ಕಣ್ಣೆದುರಿಗೇ ಹೆಂಗಸೊಬ್ಬಳನ್ನು ಕೂರಿಸಿ, “ಚೆನ್ನಾಗಿ ನೋಡಿಕೊಂಡರೇ?” ಎಂದು ಕೇಳಿ, ಅವಳು ಬಾಯಿ ಮುಚ್ಚಿಕೊಂಡು ಹೂಂಗುಟ್ಟಿದ್ದನ್ನೇ ಸತ್ಯವೆಂದು ನಂಬಿ ನೆಮ್ಮದಿಯಾಗಿದ್ದವರು ನೀವೇ ಅಲ್ಲವೇ?

ಸಮೀಕ್ಷಕಿಯೂ ಹಾಗೆಯೇ ನಂಬಿದ್ದಳು. ಸರ್ಕಾರಿ ಆಸ್ಪತ್ರೆಯ ಕುಟುಂಬ ಯೋಜನೆಯ ಕೋಣೆಯಿಂದ ಹೊರಬಂದ ಹೆಂಗಸರನ್ನು ಅಲ್ಲೇ ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರಿಸಿ, ಸೇವೆ ಹೇಗಿತ್ತೆಂದು ಕೇಳುವುದು ಅವಳ ಕೆಲಸ. ನೆನಪು ಹಸಿಯಾಗಿರುವಾಗಲೇ ಕೇಳಬೇಕೆಂಬುದು ಮೇಲಿನವರ ಅಪ್ಪಣೆ. ಬಾಗಿಲಿಗೆ ಕದವಿರಲಿಲ್ಲ, ಹಸಿರು ಪರದೆಯಿತ್ತು. ಬಂದವರೆಲ್ಲ ಚೆನ್ನಾಗಿತ್ತು ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಅವಳ ಸ್ವಂತ ತಂಗಿಯೂ ಹಾಗೆಯೇ ಅಂದುಹೋಗಿದ್ದಳು.

ಸಂಜೆ ಅದೇ ತಂಗಿ ಅಕ್ಕನ ಅಡುಗೆಮನೆಯಲ್ಲಿ ಕಟ್ಟೆಯ ಅಂಚು ಹಿಡಿದು ಬಗ್ಗಿ ನಿಂತಳು. ಮತ್ತೆ ಗರ್ಭ ನಿಲ್ಲದಿರಲೆಂದು ಹೆರಿಗೆಯಾದ ಕೂಡಲೇ ಅವಳ ಗರ್ಭಕೋಶದೊಳಗೆ ವಂಕಿ, ಅಂದರೆ ಕಾಪರ್-ಟಿ, ಹಾಕಿದ್ದರು. ಬೇಕೇ ಎಂದು ಕೇಳಿರಲಿಲ್ಲ. ಅಂದಿನಿಂದ ರಕ್ತಸ್ರಾವ ನಿಂತಿರಲಿಲ್ಲ.

“ಬೆಳಿಗ್ಗೆ ನಾನು ಕೇಳ್ದಾಗ ಯಾಕೇ ಬಾಯಿ ಬಿಡ್ಲಿಲ್ಲ?”

“ಹೇಗೆ ಬಿಡ್ಲಿ ಅಕ್ಕಾ? ಪರದೆ ಕೆಳಗೆ ನರ್ಸಮ್ಮನ ಚಪ್ಪಲಿ ಕಾಣ್ತಿತ್ತು. ನಿನ್ನ ಕೈಲಿ ಪೆನ್ನು, ಅವ್ರ ಕೈಲಿ ನಾನು.”

“ತೆಗೀರಿ ಅಂತ ಕೇಳ್ದ್ಯಾ?”

“ಹೋದಾಗೆಲ್ಲ ಕೇಳಿದೀನಿ. ಹೆತ್ತು ಬಂದೋಳು ಇಷ್ಟಕ್ಕೇ ರಾಗ ಎಳೀತೀಯಾ ಅಂತಾರೆ. ರಾಗ ಎಳೆಯೋಕೆ ಉಸಿರಾದ್ರೂ ಇರ್ಬೇಕಲ್ಲ!” ನಗಲು ಹೋದವಳ ಮುಖ ಕಿವುಚಿಕೊಂಡಿತು.



ಮರುದಿನ ಮೇಲ್ವಿಚಾರಕರು ತಪಾಸಣೆಗೆ ಬರುವವರಿದ್ದರು. ಸಮೀಕ್ಷಕಿ ತಂಗಿಯನ್ನು ಕರೆದುಕೊಂಡೇ ಹೋದಳು. ಹೋದವಳು ಕೂರಲಿಲ್ಲ, ಬೆಂಚಿನ ಒಂದು ತುದಿ ಹಿಡಿದು ಅಂಗಳದುದ್ದಕ್ಕೂ ದರದರನೆ ಎಳೆದಳು. ಇನ್ನೊಂದು ತುದಿಗೆ ತಂಗಿ ಕೈಹಾಕಲು ಬಂದರೆ, ಸಾಲಿನಲ್ಲಿದ್ದ ದಪ್ಪನೆಯ ಹೆಂಗಸೊಬ್ಬಳು ಅವಳನ್ನು ಬದಿಗೆ ಸರಿಸಿ ತಾನೇ ಎತ್ತಿದಳು.

“ಏನಮ್ಮಾ, ಬೆಂಚಿಗೂ ವರ್ಗ ಆಯ್ತಾ?”

“ಆಯ್ತು ಕಣಕ್ಕಾ. ಅಲ್ಲಿ ಅದಕ್ಕೂ ಉಸಿರು ಕಟ್ತಿತ್ತು.”

ನೀರಿನ ನಲ್ಲಿಯಾಚೆ, ಪರದೆಯ ಕಿವಿಗೆ ಎಟುಕದ ಗೋಡೆಯ ಮಗ್ಗುಲಿಗೆ ಬೆಂಚು ಬಂತು. ಹೂಂ ಎನ್ನುವುದನ್ನಷ್ಟೇ ಕಲಿತಿದ್ದ ಬಾಯಿಗಳು ಅಲ್ಲಿ ಬಿಚ್ಚಿಕೊಂಡವು. ಮಾತ್ರೆ ಸಾಕೆಂದವಳಿಗೂ ವಂಕಿ, ಬೇಡವೆಂದವಳಿಗೆ ಬೈಗುಳ.

ಮೇಲ್ವಿಚಾರಕರು ದಾಪುಗಾಲಿಟ್ಟು ಬಂದರು. “ಬಾಗಿಲಲ್ಲೇ ಕೇಳ್ಬೇಕು ಅನ್ನೋ ನಿಯಮ ಗೊತ್ತಿಲ್ವೇನಮ್ಮಾ?”

“ಗೊತ್ತು ಸಾರ್. ಗೊತ್ತಿದ್ದೇ ಮುರೀತಿದೀನಿ.”

“ನಿನ್ನ ಕೆಲಸ ಹೋಗುತ್ತೆ!”

“ಹೋಗ್ಲಿ. ಆದ್ರೆ ಮೊದ್ಲು ನನ್ನ ತಂಗಿಗೆ ಹಾಕಿರೋ ವಂಕಿ ಹೊರಗೆ ಬರ್ಲಿ.”

ತಂಗಿ ಬೆಂಚಿನ ನಡುವೆ ಕುಳಿತಳು. “ತೆಗೆಯೋ ತನಕ ಏಳಲ್ಲ,” ಎಂದಳು. ದಪ್ಪನೆಯ ಹೆಂಗಸು ಅವಳ ಮಗ್ಗುಲಿಗೆ ಒತ್ತಿ ಕುಳಿತಳು. “ನನ್ನನ್ನ ಎಬ್ಬಿಸೋಕೆ ನಿಮ್ಮ ಇಲಾಖೆ ಪೂರ್ತಿ ಬರ್ಬೇಕು ಸ್ವಾಮೀ,” ಎಂದಾಗ ಸಾಲಿಗೆ ಸಾಲೇ ನಕ್ಕಿತು.

ಗಲಾಟೆಗೆ ಹೊರಬಂದ ನರ್ಸಮ್ಮನಿಗೆ ಸಿಟ್ಟು ನೆತ್ತಿಗೇರಿತ್ತು. ಆ ಸಿಟ್ಟು ತಿರುಗಿದ್ದು ಮಾತ್ರ ಮೇಲ್ವಿಚಾರಕರ ಕಡೆಗೆ. “ಎಲ್ಲರೂ ನನ್ನ ಮೇಲೇ ಹರಿಹಾಯ್ತೀರಲ್ಲಾ! ವಂಕಿ ತೆಗೆಸ್ಕೊಳ್ದೆ ಉಳಿದೋರೆಲ್ಲ ತೃಪ್ತರು ಅಂತ ಆಸ್ಪತ್ರೆಗೆ ಅಂಕ ಕೊಡೋರು ಯಾರು? ತೆಗೆದ್ರೆ ಅಂಕ ಇಳೀತು ಅಂತ ನನ್ನನ್ನ ಸುಡೋರು ಯಾರು? ನೀವೇ ತಾನೇ ಸಾರ್?”

ಬೀಗ ಹಾಕಿದ ಕೋಣೆಯಿಂದ ಯಾರೂ ಹೊರಬರಲಿಲ್ಲವೆಂದು, ಅದನ್ನು ಸುಖದ ಮನೆಯೆಂದು ಕರೆದಂತಿತ್ತು ಆ ಅಳತೆ! ಗುಣಮಟ್ಟವನ್ನು ಅಳೆಯಲು ಹೊರಟವರೇ ಅದರ ಕುತ್ತಿಗೆ ಹಿಸುಕಿದ್ದರು. ಮೇಲ್ವಿಚಾರಕರು ಕನ್ನಡಕ ತೆಗೆದು ಒರೆಸಿಕೊಂಡರು.

“ಬಾಮ್ಮಾ ಒಳಗೆ,” ಎಂದಳು ನರ್ಸಮ್ಮ, ಮೆಲ್ಲಗೆ. ಜಗಳಕ್ಕೆ ಹಿಡಿದಷ್ಟು ಹೊತ್ತೂ ವಂಕಿ ತೆಗೆಯಲು ಹಿಡಿಯಲಿಲ್ಲ.

ತಂಗಿ ಗೋಡೆ ಹಿಡಿದು ನಡೆದುಬಂದು ಬೆಂಚಿನಲ್ಲಿ ಕುಳಿತಳು. ಸಮೀಕ್ಷಕಿ ತನ್ನ ಪ್ರಶ್ನೆಯನ್ನು ಕೇಳಿದಳು, ಎಲ್ಲರನ್ನೂ ಕೇಳುವ ಹಾಗೆಯೇ: “ಚೆನ್ನಾಗಿ ನೋಡಿಕೊಂಡ್ರಾ?”

“ಇವತ್ತು ಹೂಂ. ಇಷ್ಟು ದಿನ ಇಲ್ಲ. ಎರಡನ್ನೂ ಬರ್ಕೊ ಅಕ್ಕಾ.”

ಅವಳು ಎರಡನ್ನೂ ಬರೆದಳು. ವಾರ ಕಳೆಯುವುದರೊಳಗೆ ಅವಳ ಕೆಲಸ ಹೋಯಿತು. ಬೆಂಚು ಮತ್ತೆ ಪರದೆಯ ಪಕ್ಕಕ್ಕೆ ಬಂತು. ತಂಗಿ ಮಾತ್ರ ನೆಟ್ಟಗೆ ನಿಂತು ಪಾತ್ರೆ ತೊಳೆಯುತ್ತ ಅಕ್ಕನನ್ನು ರೇಗಿಸುತ್ತಾಳೆ: “ಬೆಂಚು ಹೊರೋ ಕೆಲಸ ಎಲ್ಲಾದ್ರೂ ಖಾಲಿ ಇದ್ಯಾ ಕೇಳೇ.”

ಖಾಲಿ ಇದೆ. ನಿಮ್ಮ ಆಸ್ಪತ್ರೆಯಲ್ಲೂ ಅಂಥ ಬೆಂಚೊಂದು ಬಾಗಿಲಿಗೆ ಅಂಟಿಕೊಂಡಿರಬಹುದು, ಹೋಗಿ ನೋಡಿ. ಇದ್ದರೆ ದಯವಿಟ್ಟು ಅದರ ಒಂದು ತುದಿಯನ್ನು ನೀವು ಹಿಡಿಯಿರಿ, ಇನ್ನೊಂದಕ್ಕೆ ಪಕ್ಕದವರನ್ನು ಕರೆಯಿರಿ. ಪರದೆಗೆ ಮಾತು ಕೇಳಿಸದಷ್ಟು ದೂರ ಒಯ್ದು ಇಳಿಸಿ, ಆಮೇಲೆ ಒಳಗಿಂದ ಬಂದವಳನ್ನು ಕೇಳಿ.