ಉಬ್ಬೆಗೆ ಹೋದ ಖಾಕಿ

"ನಿನ್ನ ಮನೆ ಅಂಗಳದಲ್ಲಿ ನಿಂತಿದ್ದೀನಿ ಅಂತ ಬಾಯಿ ಮುಚ್ಕೊಂಡಿದ್ದೀನಿ ಭಾವ. ಆ ಗಂಟು ಬಿಚ್ಚಿದ್ರೆ ಅಕ್ಕನ ಗಂಡ ಅಂತ್ಲೂ ನೋಡಲ್ಲ."

"ನೋಡು ಅಂತ ನಿನ್ನ ಕರೆದೋರು ಯಾರು? ತಲೆಗೆ ಸುತ್ಕೊಂಡಿರೋ ಬಟ್ಟೇನ ಕಣ್ಣಿಗೂ ಒಂದು ಸುತ್ತು ಸುತ್ಕೊಂಡು ಮನೆಗೋಗು."

ಹಾಗೆಂದು ಚಾಮಯ್ಯ ಗಂಟು ಬಿಚ್ಚಿಯೇಬಿಟ್ಟ. ನಲವತ್ತು ಪೊಲೀಸರ ಖಾಕಿ ಅಂಗಿ ಚಡ್ಡಿಗಳು ಬೆವರು ನಾರುತ್ತಾ ಅಂಗಳದ ತುಂಬ ಬಿದ್ದವು. ಅವನ ಹೆಂಡತಿಯ ತಮ್ಮ ಮರಿಯಯ್ಯ ಒಂದು ಹೆಜ್ಜೆ ಹಿಂದೆ ಸರಿದ. ಅವನ ತಲೆಗೆ ಮೂರು ಸುತ್ತು ಬಟ್ಟೆ ಕಟ್ಟಿತ್ತು. ಹಿಂದಿನ ದಿನ ಮಾರುಕಟ್ಟೆ ಮುಂದೆ ರಸ್ತೆಯಲ್ಲಿ ಕೂತಿದ್ದವರ ಮೇಲೆ ಲಾಠಿ ಬಿದ್ದಾಗ ಅವನೂ ಕೂತಿದ್ದ.

ಅದು ಸಾವಿರದ ಒಂಬೈನೂರ ನಲವತ್ತೇಳರ ಸೆಪ್ಟೆಂಬರು. ದೇಶಕ್ಕೆ ಸ್ವಾತಂತ್ರ್ಯ ಬಂದು ತಿಂಗಳಾಗುತ್ತಾ ಬಂದಿತ್ತು, ಮೈಸೂರಿಗೆ ಬಂದಿರಲಿಲ್ಲ. ಇಲ್ಲಿ ಇನ್ನೂ ಅರಮನೆಯವರು ನೇಮಿಸಿದ ದಿವಾನರದೇ ದರ್ಬಾರು. ಜನರೇ ಆರಿಸಿದ ಜವಾಬ್ದಾರಿ ಸರ್ಕಾರ ಕೊಡಿ ಎಂದು ಊರಿಗೆ ಊರೇ ರಸ್ತೆಗೆ ಬಂದಿತ್ತು. ಅಂಗಡಿ ಮುಚ್ಚಿದವರು, ಸ್ಕೂಲು ಬಿಟ್ಟವರು, ಜೈಲಿಗೆ ಹೋಗಲು ಸಾಲು ನಿಂತವರು, ಎಲ್ಲರೂ ಇದ್ದರು. ಕೈ ಎತ್ತಬಾರದು, ಕಲ್ಲು ಎಸೆಯಬಾರದು, ಹೊಡೆದರೆ ಹೊಡೆಸಿಕೊಳ್ಳಬೇಕು, ಅಷ್ಟೇ ನಿಯಮ. ಮಂಡಿ ಮೊಹಲ್ಲಾದ ಅಗಸರು ತಮ್ಮ ಪಾಲಿಗೆ ಇನ್ನೊಂದು ಸೇರಿಸಿದರು. ಹಿಂದಿನ ಸಂಜೆ ಕುಲದವರೆಲ್ಲ ಸೇರಿ, ಜವಾಬ್ದಾರಿ ಸರ್ಕಾರ ಬರುವ ತನಕ ಪೊಲೀಸರ ಬಟ್ಟೆ ಮುಟ್ಟಕೂಡದು ಎಂದು ತೀರ್ಮಾನ ಮಾಡಿದ್ದರು. ಆ ತೀರ್ಮಾನ ಅನ್ವಯಿಸುತ್ತಿದ್ದದ್ದು ಇಡೀ ಊರಿನಲ್ಲಿ ಒಬ್ಬನಿಗೆ. ಪೊಲೀಸ್ ಲೈನಿನ ಬಟ್ಟೆ ಇಪ್ಪತ್ತು ವರ್ಷದಿಂದ ಒಗೆಯುತ್ತಿದ್ದವನು ಚಾಮಯ್ಯ.

"ಆ ಕೂಟಕ್ಕೆ ನನ್ನ ಕರೆದ್ರಾ?" ಎಂದ ಚಾಮಯ್ಯ.

"ಕರೆದಿದ್ರೆ ನೀನು ಬರ್ತಿದ್ಯಾ?"

"ಬರ್ತಿರ್ಲಿಲ್ಲ. ಆದ್ರೂ ಕರೀಬೇಕು."

ಒಳಗಿನಿಂದ ಸುಂದರಮ್ಮ ಬಂದಳು. ತಮ್ಮನಿಗೊಂದು ಲೋಟ ಮಜ್ಜಿಗೆ ಕೊಟ್ಟಳು, ಗಂಡನಿಗೆ ಕೊಡಲಿಲ್ಲ. "ಅವನ ತಲೆ ನೋಡಿ. ಎಂಟು ಹೊಲಿಗೆ. ಆ ಬಟ್ಟೆ ಅಂಗೇ ಗಂಟು ಕಟ್ಟಿ ವಾಪಸ್ಸು ಕೊಟ್ಬುಡಿ ಅತ್ಲಾಗೆ."

"ಕೊಟ್ಬುಟ್ಟು? ನಾಳೆ ಎಲ್ಲಿರ್ತೀಯ? ನಿನ್ನ ತಮ್ಮನ ತಲೆ ಮೇಲಾ?"

ಲೈನಿನ ಹಿಂದಿನ ಎರಡು ಕೋಣೆಯ ಆ ಮನೆ, ಬಾವಿ, ಒಗೆಯುವ ಕಲ್ಲು, ಬಟ್ಟೆ ಒಣಹಾಕುವ ಬಯಲು, ಎಲ್ಲವೂ ಕೆಲಸದ ಜೊತೆ ಬಂದದ್ದು. ಕೆಲಸ ಬಿಟ್ಟ ದಿನ ಮನೆ ಬಿಡಬೇಕು. ಅವರಿಗೆ ಬೇರೆ ಮನೆ ಇರಲಿಲ್ಲ. ಮರಿಯಯ್ಯ ಇದ್ದದ್ದು ಒಂದೇ ಕೋಣೆಯಲ್ಲಿ, ಅದರಲ್ಲಿ ಆಗಲೇ ಏಳು ಜನ.

"ಮನೆ ದೊಡ್ಡದಾ ಮಾನ ದೊಡ್ಡದಾ?" ಎಂದ ಮರಿಯಯ್ಯ.

"ಮಳೆ ಬಂದಾಗ ಹೇಳ್ತೀನಿ."

"ಆಯ್ತು, ಒಗೀ. ನಾಳೆಯಿಂದ ನಿನಗೆ ಕುಲದಲ್ಲಿ ಬೆಂಕಿ ಇಲ್ಲ, ನೀರಿಲ್ಲ. ಇದೇ ಮಾತು ಹೇಳೋಕೆ ನನ್ನ ಕಳಿಸಿರೋದು."

ಚಾಮಯ್ಯನಿಗೆ ಕೋಪ ನೆತ್ತಿಗೇರಿತು. ಅಂಗಳದ ಮೂಲೆಯಲ್ಲಿ ಉಬ್ಬೆಯ ಹಂಡೆ ಬೆಳಗಿನಿಂದ ಕುದಿಯುತ್ತಿತ್ತು. ಕೊಳಕು ಬಟ್ಟೆಯನ್ನು ಚೌಳು ಮಣ್ಣು ಕಲಸಿದ ನೀರಿನಲ್ಲಿ ಅದ್ದಿ, ಆ ಹಂಡೆಯ ಮೇಲೆ ಅಡುಕಿ, ಹಬೆಯಲ್ಲಿ ಬೇಯಿಸುವುದೇ ಉಬ್ಬೆ. ಉಬ್ಬೆಗೆ ಹೋದ ಬಟ್ಟೆಯನ್ನು ಅರ್ಧಕ್ಕೆ ತೆಗೆಯುವಂತಿಲ್ಲ, ಒಗೆಯದೆ ಕೊಡುವಂತಿಲ್ಲ. ಕುಲದಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ. ಸತ್ತವನ ಬಟ್ಟೆಯಾದರೂ ಉಬ್ಬೆಗೆ ಹೋಗಿದ್ದರೆ ಒಗೆದು ಮಡಿಸಿ ಅವನ ಮನೆಗೆ ಮುಟ್ಟಿಸಬೇಕು.

ಚಾಮಯ್ಯ ಎರಡು ಕೈಯಲ್ಲೂ ಖಾಕಿ ಬಾಚಿಕೊಂಡ. ಚೌಳಿನ ತೊಟ್ಟಿಯಲ್ಲಿ ಒಮ್ಮೆ ಮುಳುಗಿಸಿದ. ಹಂಡೆಯ ಮೇಲೆ ತುರುಕಿದ. ಮತ್ತೆ ಬಾಚಿದ, ಮತ್ತೆ ತುರುಕಿದ. ಕೊನೆಯ ಚಡ್ಡಿ ಹಾಕಿ ಮೇಲೆ ಗೋಣಿ ಮುಚ್ಚಿ, ಒಲೆಗೆ ಎರಡು ಕೊರಡು ನೂಕಿದ.

"ತಗೋ. ಉಬ್ಬೆಗೆ ಹೋಯ್ತು. ಈಗ ತೆಗಿ ನೋಡ್ತೀನಿ. ನಿನ್ನ ಕುಲದೋರ್ನೆಲ್ಲ ಕರ್ಕೊಂಡು ಬಂದು ತೆಗಿ."

ಮರಿಯಯ್ಯ ಹಂಡೆಯನ್ನು ನೋಡಿದ. ಅವನೂ ಅಗಸರ ಮನೆಯಲ್ಲೇ ಹುಟ್ಟಿದವನು. ಮಜ್ಜಿಗೆ ಲೋಟ ಕೆಳಗಿಟ್ಟು ಹೊರಟುಹೋದ.

ಚಾಮಯ್ಯ ಗೆದ್ದ ಸಂತೋಷದಲ್ಲಿ ಒಂದು ಬೀಡಿ ಸೇದಿದ.

ಮಾಡಿದ ತಪ್ಪು ಸಂಜೆ ಗೊತ್ತಾಯಿತು. ಉಬ್ಬೆ ಇಳಿಸಿ, ಕಲ್ಲಿನ ಮೇಲೆ ಮೂರನೆಯ ಅಂಗಿ ಕುಕ್ಕುವಾಗ ತೋಳಿನ ತುದಿಯಲ್ಲಿ ಕಂದು ಕಲೆ ಕಂಡಿತು. ಇನ್ನೊಂದರಲ್ಲಿ ಎದೆಯ ಮೇಲೆ ಅಂಗೈಯಗಲ. ಚಾಮಯ್ಯ ಕಲ್ಲಿನ ಮೇಲೆಯೇ ಕೂತುಬಿಟ್ಟ. ರಕ್ತದ ಕಲೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಹಾಕಿ ಬಿಡಿಸಬೇಕು. ಹಬೆ ತಾಗಿತೋ, ಬಟ್ಟೆ ಹರಿಯುವ ತನಕ ಅದು ಹೋಗುವುದಿಲ್ಲ. ಅಗಸರ ಮನೆಯ ಐದು ವರ್ಷದ ಮಗುವಿಗೂ ಅದು ಗೊತ್ತು. ಬಟ್ಟೆ ಆರಿಸದೆ, ಕಲೆ ನೋಡದೆ ಉಬ್ಬೆಗೆ ತುರುಕುವ ಅಗಸ ಅಲ್ಲಿಯವರೆಗೂ ಹುಟ್ಟಿರಲಿಲ್ಲ.

ನಿಂಬೆಹಣ್ಣು ಉಜ್ಜಿದ, ಹುಣಸೆಹಣ್ಣು ಉಜ್ಜಿದ. ಅಂಗಿಯ ಬಣ್ಣ ಸ್ವಲ್ಪ ಹೋಯಿತು, ಕಲೆ ಹೋಗಲಿಲ್ಲ. ಲೆಕ್ಕ ಹಾಕಿದರೆ ಹನ್ನೊಂದು ಅಂಗಿ. ಪ್ರತಿ ಅಂಗಿಯ ಕತ್ತುಪಟ್ಟಿಯ ಒಳಗೆ ಅವನೇ ಒಗೆದರೂ ಹೋಗದ ಗೇರೆಣ್ಣೆಯಲ್ಲಿ ಹಾಕಿದ ಗುರುತಿತ್ತು. ಚುಕ್ಕೆ, ಗೆರೆ, ಎರಡು ಚುಕ್ಕೆ, ಕತ್ತರಿ. ಓದು ಬರದಿದ್ದರೂ ಆ ಹನ್ನೊಂದು ಹೆಸರನ್ನು ಅವನು ಒಂದೇ ಉಸಿರಿಗೆ ಓದಿದ. ಎರಡು ಚುಕ್ಕೆ ಒಂದು ಅಡ್ಡಗೆರೆಯದು ದಫೇದಾರ್ ಗುರುಸಿದ್ದಯ್ಯನ ಅಂಗಿ. ಇಪ್ಪತ್ತು ವರ್ಷದ ಸ್ನೇಹ. ಆ ಬೆಳಿಗ್ಗೆ ಬಾವಿಕಟ್ಟೆಯ ಹತ್ತಿರ ನಿಂತು, "ನಾನು ಹಿಂದುಗಡೆ ನಿಂತಿದ್ದೆ ಕಣೋ ಚಾಮಯ್ಯ, ಒಬ್ಬರ ಮೇಲೂ ಕೈ ಎತ್ತಲಿಲ್ಲ" ಎಂದು ತಾನಾಗಿಯೇ ಹೇಳಿದ್ದ. ಎದೆಯ ಮೇಲೆ ಅಂಗೈಯಗಲ ಕಲೆ ಇದ್ದದ್ದು ಆ ಅಂಗಿಯಲ್ಲಿ.

ಯಾರಿಗಾದರೂ ಹೇಳಬೇಕಿತ್ತು. ನಾಚಿಕೆಯಾಯಿತು. ಗಂಜಿ ಹಾಕಿ, ಇಸ್ತ್ರಿ ಮಾಡಿ, ಕಲೆ ಒಳಗೆ ಹೋಗುವಂತೆ ಮಡಿಸಿ ಬ್ಯಾರಕ್ಕಿಗೆ ಮುಟ್ಟಿಸಿದ.

ಪೊಲೀಸರಿಗೆ ಇದ್ದದ್ದು ತಲಾ ಎರಡೇ ಜೊತೆ. ಯುದ್ಧ ಮುಗಿದು ಎರಡು ವರ್ಷವಾದರೂ ಬಟ್ಟೆಗೆ ಇನ್ನೂ ಕಂಟ್ರೋಲು, ಹೊಸ ಖಾಕಿ ದಸರಾಕ್ಕೆ ಬಂದರೆ ಬಂತು. ಹನ್ನೊಂದು ಜನ ಬೇರೆ ದಾರಿಯಿಲ್ಲದೆ ಅದನ್ನೇ ತೊಟ್ಟು ಡ್ಯೂಟಿಗೆ ಹೋದರು. ಮೊದಲ ದಿನ ಯಾರೂ ಗಮನಿಸಲಿಲ್ಲ. ಎರಡನೆಯ ದಿನ ಮಂಡಿ ಮೊಹಲ್ಲಾದಲ್ಲಿ ರಸ್ತೆಗೆ ಅಡ್ಡ ಕೂತಿದ್ದ ಹೆಂಗಸರ ಪೈಕಿ ಮಾದೇವಮ್ಮ ಎಂಬ ಮುದುಕಿ, ಎದುರಿಗಿದ್ದ ಪೇದೆಯ ತೋಳನ್ನೇ ದಿಟ್ಟಿಸಿ, "ಯಾರದಪ್ಪಾ ಅದು?" ಎಂದಳು.

"ಯಾವುದಜ್ಜಿ?"

"ಕೈ ಮೇಲಿರೋದು. ನಿಂದಂತೂ ಅಲ್ಲ, ನಿನಗೆ ಗಾಯ ಕಾಣೆ."

ಪೇದೆ ಕೈಯನ್ನು ಬೆನ್ನ ಹಿಂದೆ ಹಿಡಿದ. ಹಾಗೆ ಹಿಡಿದರೆ ಲಾಠಿ ಎತ್ತಲು ಬರುವುದಿಲ್ಲ. ಮೂರನೆಯ ದಿನಕ್ಕೆ ಇಡೀ ಊರು ಪೊಲೀಸರ ಮುಖ ನೋಡುವುದನ್ನು ಬಿಟ್ಟು ಅಂಗಿ ನೋಡಲು ಶುರುಮಾಡಿತು. ಯಾರೂ ಬೈಯಲಿಲ್ಲ. ಕೂತ ಜಾಗದಿಂದಲೇ "ಯಾರದಪ್ಪಾ ಅದು?" ಎಂದು ಕೇಳುವುದು, ಅಷ್ಟೇ. ಕಲೆಯಿಲ್ಲದ ಪೇದೆಗಳು ಕಲೆಯಿದ್ದವರ ಪಕ್ಕ ನಿಲ್ಲಲು ಒಪ್ಪದಾದರು. ಇಬ್ಬರು ಹೊಟ್ಟೆನೋವೆಂದು ರಜೆ ಹಾಕಿದರು. ಆ ವಾರ ಮಂಡಿ ಮೊಹಲ್ಲಾದಲ್ಲಿ ಲಾಠಿ ಬೀಳಲಿಲ್ಲ.

ನಾಲ್ಕನೆಯ ದಿನ ಸತ್ಯಾಗ್ರಹ ಸಮಿತಿಯ ಷಡಕ್ಷರಿ ಮೇಷ್ಟ್ರು ಸೇವಂತಿಗೆ ಹಾರ ಹಿಡಿದುಕೊಂಡು ಚಾಮಯ್ಯನ ಮನೆಗೆ ಬಂದರು. ಹಿಂದೆ ಮರಿಯಯ್ಯ ಇದ್ದ, ಅವನ ಹಿಂದೆ ಕುಲದ ನಾಲ್ಕು ಜನ.

"ಚಾಮಯ್ಯನವರೇ, ಸಮಿತಿಯಲ್ಲಿ ಎರಡು ಗಂಟೆ ಚರ್ಚೆ ಮಾಡಿದೆವು. ಇದು ಅಹಿಂಸೆಯೋ ಅಲ್ಲವೋ ಅಂತ. ಕೊನೆಗೆ ಅಹಿಂಸೆಯೇ ಅಂತ ಒಪ್ಪಿಗೆಯಾಯಿತು," ಎಂದರು ಮೇಷ್ಟ್ರು.

"ಯಾವುದು?"

"ನೀವು ಮಾಡಿದ್ದು."

"ನಾನು ಮಾಡಿದ್ದು ತಪ್ಪು ಬುದ್ದಿ. ಇವನ ಜೊತೆ ಜಗಳ ಆಡ್ತಾ ಕಲೆ ನೋಡದೆ ಉಬ್ಬೆಗೆ ಹಾಕ್ಬುಟ್ಟೆ. ನಮ್ಮಪ್ಪ ಇದ್ದಿದ್ರೆ ಬೆನ್ನ ಮೇಲೆ ಹುಣಸೆ ಬರಲು ಮುರೀತಿದ್ದ."

ಮೇಷ್ಟ್ರು ಜನರ ಕಡೆ ತಿರುಗಿ, "ನೋಡಿದಿರಾ ವಿನಯ" ಎಂದರು.

"ವಿನಯ ಅಲ್ಲ ಬುದ್ದಿ, ಕೆಲಸಗೇಡಿತನ. ಆ ಹಾರ ತಗೊಂಡೋಗಿ."

"ಒಂದು ಮಾತು ನನಗೆ ಹೇಳಬಾರದಿತ್ತಾ ಭಾವ?" ಎಂದ ಮರಿಯಯ್ಯ. ಅವನ ಕಣ್ಣಲ್ಲಿ ನೀರಿತ್ತು. "ನಾನು ಏನೇನೋ ಅಂದ್ಬುಟ್ಟೆ."

"ಹೇಳೋಕೆ ಏನಿತ್ತೋ? ತಿಳೀದೆ ಆಗಿದ್ದನ್ನ ಮೊದಲೇ ಎಂಗೋ ಹೇಳೋದು?"

ಅವರಿಗೆ ಅದೂ ಹಿಡಿಸಿತು. ಹಾರವನ್ನು ಜಗಲಿಯ ಮೇಲಿಟ್ಟು ಹೋದರು. ಸುಂದರಮ್ಮ ಅದನ್ನು ಒಳಗೆ ತೆಗೆದುಕೊಂಡು ಹೋಗಿ ಚಾಮುಂಡಿಯ ಪಟಕ್ಕೆ ಹಾಕಿದಳು. ಆ ರಾತ್ರಿ ಗಂಡನಿಗೆ ಎರಡು ಮುದ್ದೆ ಬಡಿಸಿದಳು. ಮಾಡದ ಕೆಲಸಕ್ಕೆ ಸಿಕ್ಕ ಮುದ್ದೆ ಎಂದು ಗೊತ್ತಿದ್ದೂ ಚಾಮಯ್ಯ ಎರಡನ್ನೂ ತಿಂದ.

ಮರುದಿನ ಬೆಳಿಗ್ಗೆ ಇನ್ಸ್‌ಪೆಕ್ಟರು ಹೇಳಿಕಳಿಸಿದರು. ಚಾಮಯ್ಯ ಹೋಗಿ ಮೇಜಿನ ಮುಂದೆ ಕೈಕಟ್ಟಿ ನಿಂತ. ಪಕ್ಕದಲ್ಲಿ ದಫೇದಾರ್ ಗುರುಸಿದ್ದಯ್ಯ ಒಂದು ಕಾಗದ ಹಿಡಿದು ನಿಂತಿದ್ದ. ತಿಂಗಳುಗಟ್ಟಲೆ ಹಾಕದಿದ್ದ ಚರ್ಮದ ಅಡ್ಡಪಟ್ಟಿಯನ್ನು ಎದೆಯ ಕಲೆಯ ಮೇಲೆ ಬರುವಂತೆ ಹಾಕಿದ್ದ. ಪಟ್ಟಿಯ ಅಗಲ ಸಾಲದೆ ಕಲೆ ಎರಡು ಕಡೆ ಇಣುಕುತ್ತಿತ್ತು.

"ಬೇಕು ಅಂತ ಮಾಡಿದೆಯೇನೋ?" ಎಂದರು ಇನ್ಸ್‌ಪೆಕ್ಟರು.

"ಇಲ್ಲ ಬುದ್ದಿ. ತಪ್ಪಾಯ್ತು. ಕಲೆ ನೋಡದೆ ಉಬ್ಬೆಗೆ ಹಾಕ್ದೆ."

ಇನ್ಸ್‌ಪೆಕ್ಟರಿಗೆ ಸಮಾಧಾನವಾಯಿತು. ಐದು ದಿನದಲ್ಲಿ ಅವನ ಮಾತನ್ನು ನಂಬಿದವರು ಅವರೊಬ್ಬರೇ. ಚಾಮಯ್ಯನಿಗೂ ಅವರ ಮೇಲೆ ಗೌರವ ಬಂತು.

"ಹಾಗಾದರೆ ಸರಿ. ಮನೆ ನಿನ್ನದೇ, ಕೆಲಸ ನಿನ್ನದೇ. ಇದಕ್ಕೆ ಹೆಬ್ಬೆಟ್ಟು ಒತ್ತು, ಮೇಲಿನವರಿಗೆ ಕಳಿಸಬೇಕು. ದಫೇದಾರ್, ಓದಯ್ಯ."

ಗುರುಸಿದ್ದಯ್ಯ ಓದಿದ. ಪೊಲೀಸ್ ಲೈನಿನ ಅಗಸ ಚಾಮಯ್ಯನೆಂಬ ನಾನು ಬರೆಸಿಕೊಟ್ಟ ಹೇಳಿಕೆ ಏನೆಂದರೆ, ಸದರಿ ಹನ್ನೊಂದು ಅಂಗಿಗಳ ಮೇಲಿರುವುದು ಎಲೆಅಡಿಕೆ ರಸದ ಕಲೆಯಾಗಿದ್ದು, ನನ್ನ ಅಜಾಗರೂಕತೆಯಿಂದ ಹೋಗದೆ ಉಳಿದಿರುತ್ತದೆ.

"ಏನ್ ಕಲೆ ಅಂದ್ರಿ?"

"ಎಲೆಅಡಿಕೆ," ಎಂದ ಗುರುಸಿದ್ದಯ್ಯ, ಕಾಗದದಿಂದ ಕಣ್ಣು ತೆಗೆಯದೆ.

"ಎಲೆಅಡಿಕೆ ಅಲ್ಲ ಬುದ್ದಿ ಅದು. ಎಲೆಅಡಿಕೆ ಕಲೇಲಿ ಸುಣ್ಣ ಇರುತ್ತೆ, ಉಬ್ಬೆ ತಾಗಿದ್ರೆ ಕಪ್ಪಗಾಗುತ್ತೆ, ಅಂಚು ಹರಡುತ್ತೆ. ಮೊಸರಲ್ಲಿ ನೆನೆಹಾಕಿದ್ರೆ ಬುಟ್ಟೋಗುತ್ತೆ. ಇದು ರಕ್ತ. ತಪ್ಪು ನಂದೇ ಅಂತ ಬರೀರಿ, ತಣ್ಣೀರಲ್ಲಿ ನೆನೆಹಾಕಲಿಲ್ಲ ಅಂತ ಬರೀರಿ, ಹತ್ತು ಬೆರಳೂ ಒತ್ತುತೀನಿ."

"ನೀನು ಒತ್ತೋದು ಹೆಬ್ಬೆಟ್ಟು. ಕಲೆ ಯಾವುದು ಅಂತ ನಿನ್ನ ಯಾರು ಕೇಳ್ತಾರೆ?"

"ನಮ್ಮೋರು ಕೇಳ್ತಾರೆ ಬುದ್ದಿ. ಎಲೆಅಡಿಕೆ ಕಲೆ ತೆಗೆಯೋಕೆ ಬರಲಿಲ್ಲ ಅಂತ ಹೆಬ್ಬೆಟ್ಟು ಒತ್ತಿದ ಮೇಲೆ, ಒಗೆಯೋಕೆ ನನ್ನ ಕೈಗೆ ಒಂದು ಚೌಕ ಯಾರಾದ್ರೂ ಕೊಡ್ತಾರಾ?"

"ಅಂದರೆ ನೀನೂ ಅವರ ಜೊತೆ ಸೇರಿದೆ ಅನ್ನು."

"ನಾನು ಯಾರ ಜೊತೇನೂ ಸೇರಿಲ್ಲ. ಅವರು ತಂದ ಹಾರಾನೂ ಬ್ಯಾಡ ಅಂದೆ."

ಗುರುಸಿದ್ದಯ್ಯ ಹತ್ತಿರ ಬಂದು ದನಿ ತಗ್ಗಿಸಿದ. "ಮನೆ ಹೋಗುತ್ತೆ ಕಣೋ ಚಾಮಯ್ಯ. ಸುಂದರಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀಯ? ಒತ್ಬುಡು. ಎಲೆಅಡಿಕೆ ಅಂದರೆ ನಿನ್ನ ಗಂಟೇನು ಹೋಗುತ್ತೆ?"

ಚಾಮಯ್ಯ ಅವನ ಎದೆಯ ಪಟ್ಟಿಯನ್ನು ನೋಡಿದ. "ನೀವು ಎಲೆಅಡಿಕೆ ಹಾಕೋದೇ ಇಲ್ವಲ್ಲ ದಫೇದಾರ್ರೇ. ಇಪ್ಪತ್ತು ವರ್ಷದಿಂದ ನಿಮ್ಮ ಬಟ್ಟೆ ಒಗೆದಿದ್ದೀನಿ. ಒಂದು ದಿನಾನೂ ಆ ಕಲೆ ಇರಲಿಲ್ಲ."

ಗುರುಸಿದ್ದಯ್ಯ ಪಟ್ಟಿಯನ್ನು ಕಲೆಯ ಮೇಲೆ ಎಳೆದುಕೊಂಡ. ಇನ್ಸ್‌ಪೆಕ್ಟರು ಮಸಿಯ ಡಬ್ಬಿಯನ್ನು ಮುಂದಕ್ಕೆ ತಳ್ಳಿದರು. ಚಾಮಯ್ಯ ಅದನ್ನು ನೋಡಿದ, ಕಾಗದವನ್ನು ನೋಡಿದ. ಹೆಗಲ ಮೇಲಿನ ಟವೆಲು ತೆಗೆದು ಒದರಿ ಮತ್ತೆ ಹಾಕಿಕೊಂಡ.

"ನಿಲ್ಲೋ," ಎಂದರು ಇನ್ಸ್‌ಪೆಕ್ಟರು.

ಅವನು ಆಗಲೇ ಬಾಗಿಲು ದಾಟಿದ್ದ. ಹಿತ್ತಿಲ ಮನೆಗೆ ಬಂದು, ಸುಂದರಮ್ಮನಿಗೆ ಪಾತ್ರೆ ಕಟ್ಟು ಎಂದ. ಅವಳು ಮೊದಲು ಚಾಮುಂಡಿಯ ಪಟ ಇಳಿಸಿದಳು. ಇಸ್ತ್ರಿ ಪೆಟ್ಟಿಗೆಯ ಕೆಂಡ ಸುರಿದು ಅದನ್ನು ತಾನು ಹಿಡಿದ. ಉಬ್ಬೆಯ ಹಂಡೆ ತಣ್ಣಗಿತ್ತು, ಖಾಲಿಯಿತ್ತು. ಅದನ್ನು ತಲೆಯ ಮೇಲೆ ಬೋರಲು ಹಾಕಿಕೊಂಡ. ಬ್ಯಾರಕ್ಕಿನ ಜಗಲಿಯ ಮೇಲೆ ಇನ್ನೊಂದು ವಾರದ ಕೊಳೆ ಗಂಟು ಅವನಿಗಾಗಿ ಕಾಯುತ್ತಿತ್ತು. ಅದು ಉಬ್ಬೆಗೆ ಹೋಗಿರಲಿಲ್ಲ. ಚಾಮಯ್ಯ ಅದರ ಪಕ್ಕದಿಂದಲೇ ಹಾದು, ಗೇಟು ದಾಟಿ, ಮಂಡಿ ಮೊಹಲ್ಲಾದ ಕಡೆಗೆ ನಡೆದ. ಆ ಗೇಟಿನೊಳಗೆ ಅವನು ಮತ್ತೆ ಕಾಲಿಡಲಿಲ್ಲ.