ತವರಿಗೆ ಹೋದ ಬ್ಯಾಂಕು

ಹೊನ್ನೂರಿನ ಶಿವರತ್ನಮ್ಮ ಗಂಡ ತೀರಿಕೊಂಡ ಮೇಲೆ ಅಣ್ಣನ ಮನೆ ಸೇರಿ ಹನ್ನೆರಡು ವರ್ಷವಾಗಿತ್ತು. ಹಾಲು ಮಾರಿ ಕೂಡಿಟ್ಟ ನಾಲ್ಕು ಲಕ್ಷ ಯಳಂದೂರಿನ ಪುಟ್ಟ ಉಳಿತಾಯ ಬ್ಯಾಂಕಿನಲ್ಲಿತ್ತು. ಅದನ್ನು ನಂಬಿ ಊರಾಚೆ ಎರಡು ಕೋಣೆಯ ಮನೆಯೊಂದನ್ನು ಮಾತಾಡಿದ್ದಳು. ಶುಕ್ರವಾರದೊಳಗೆ ದುಡ್ಡು ಕೊಡದಿದ್ದರೆ ಅದು ಬೇರೆಯವರ ಪಾಲು. ಅತ್ತಿಗೆಯ ಮುಖ ನೋಡದೆ ಒಂದು ಲೋಟ ಕಾಫಿ ಕಾಯಿಸಿಕೊಳ್ಳಬೇಕು, ಅಷ್ಟೇ ಅವಳ ಆಸೆ.

ಆದರೆ ಬ್ಯಾಂಕು ಮುಳುಗಿತ್ತು. ಯಳಂದೂರು, ಕೊಳ್ಳೇಗಾಲ, ಹನೂರು, ಮೂರೂ ಕಡೆಯ ಉಳಿತಾಯ ಬ್ಯಾಂಕುಗಳು ಬೆಂಗಳೂರಿನ ಯಾವುದೋ ಫೈನಾನ್ಸ್ ಕಂಪನಿಯನ್ನು ನಂಬಿ ಒಟ್ಟಿಗೇ ಕೈ ಸುಟ್ಟುಕೊಂಡಿದ್ದವು. ಮೂರೂ ಒಂದಾದರೆ ಸರ್ಕಾರ ದುಡ್ಡು ಕೊಡುತ್ತದೆ, ಇಲ್ಲದಿದ್ದರೆ ಬೀಗ ಅಂತ ಆದೇಶ ಬಂತು. ಅದಕ್ಕೆ ಸದಸ್ಯರ ಸಭೆ ಒಪ್ಪಬೇಕು. ಸಭೆ ಅಂದರೆ ನಮ್ಮ ಕಡೆ ನಾಯಿಯೂ ಮೂಸುವುದಿಲ್ಲ. ಯಳಂದೂರಿನ ಮ್ಯಾನೇಜರ್ ಬಸವೇಶ ಬುದ್ಧಿ ಓಡಿಸಿ ಲಗ್ನಪತ್ರಿಕೆಯನ್ನೇ ಅಚ್ಚು ಹಾಕಿಸಿದ: ವರ ಕೊಳ್ಳೇಗಾಲದ ಬ್ಯಾಂಕು, ವಧು ಯಳಂದೂರಿನ ಬ್ಯಾಂಕು, ಮಧ್ಯಾಹ್ನ ಊಟ.

ಆರುನೂರು ಜನ ಬಂದರು. ಬಂದವರು ಮದುವೆಗೇ ಬಂದಿದ್ದರು. ಮೊದಲ ಪಂಕ್ತಿ ಏಳುವ ಮುಂಚೆಯೇ ಹಿರಿಯ ಸದಸ್ಯರಾದ ಶಿವಕುಮಾರಸ್ವಾಮಿ ಎದ್ದು ನಿಂತರು.

“ಎರಡು ಬ್ಯಾಂಕ್ನೂ ಕಟ್ಟುದ್ದು ಒಂದೇ ಮನೆ ಅಣ್ತಮ್ಮಂದೀರು. ಅಣ್ಣ ತಂಗೀಗೆ ಮದ್ವೆ ಮಾಡೀರಾ? ಎಲ್ಲಾದ್ರೂ ಉಂಟಾ?”

ಸಭೆ ತಲೆದೂಗಿತು. ಬೆಂಗಳೂರಿನಿಂದ ಬಂದಿದ್ದ ಅಧಿಕಾರಿ ತಲೆಬುಡ ತಿಳಿಯದೆ ಪಾಯಸ ಉಣ್ಣುತ್ತಿದ್ದರು. ಕೊನೆಗೆ ಅಣ್ಣ ತಂಗಿಯ ನಂಟು ತಪ್ಪಿಸಲು ಹನೂರಿನ ಬ್ಯಾಂಕು ವಧುವನ್ನು ದತ್ತು ತೆಗೆದುಕೊಂಡಿತು. ಅಲ್ಲಿನ ಮ್ಯಾನೇಜರ್ ದೊಡ್ಡಮಾದಯ್ಯನವರೇ ಧಾರೆ ಎರೆದುಕೊಟ್ಟರು. ಶಿವರತ್ನಮ್ಮ ಎರಡೂ ಕೈ ಎತ್ತಿ ಒಪ್ಪಿಗೆ ಕೊಟ್ಟಳು. ಸರ್ಕಾರದ ದುಡ್ಡೂ ಬಂತು.

ಗುರುವಾರ ಬೆಳಿಗ್ಗೆ ಪಾಸ್‌ಬುಕ್ಕು ಹಿಡಿದು ಹೋದರೆ ಯಳಂದೂರಿನ ಬ್ಯಾಂಕಿನಲ್ಲಿ ಬಸವೇಶನೂ ಒಂದು ಕುರ್ಚಿಯೂ ಬಿಟ್ಟರೆ ಇನ್ನೇನೂ ಇರಲಿಲ್ಲ.

“ಆಷಾಡ ಉಟ್ಬುಡ್ತು ಕಣಮ್ಮ,” ಎಂದ ಬಸವೇಶ. “ಮದ್ವೆ ಆದ್ಮೇಲೆ ಇದೂವೆ ಗಂಡನ್ ಮನೆ, ಒಸ್ದಾಗಿ ಮದ್ವೆ ಆದೋಳು ಆಷಾಡ್ದಲ್ಲಿ ಇಲ್ಲಿ ಇರಂಗಿಲ್ಲ ಅಂತ ಡೈರೆಕ್ಟರುಗಳು ಪಟ್ಟು ಇಡುದ್ರು. ಲೆಡ್ಜರು, ಸೀಲು, ಕ್ಯಾಸು ಎಲ್ಲಾನೂವೆ ಮಡ್ಲಕ್ಕಿ ತುಂಬಿ ಅನೂರಿಗೆ ಕಳುಸ್ಬುಟ್ವಿ.”

ಶಿವರತ್ನಮ್ಮನಿಗೆ ಅಳು ಬಂತು. ಅಳುವಿಗಿಂತ ಮುಂಚೆ ಸಿಟ್ಟು ಬಂತು. ಕೊಳ್ಳೇಗಾಲದಲ್ಲಿ ಬಸ್ಸು ಬದಲಿಸಿ ಹನೂರಿಗೆ ಹೋದಳು.

ಅಲ್ಲಿ ಫ್ಯಾನಿನ ಕೆಳಗೆ ಮಣೆ ಹಾಕಿ ಲೆಡ್ಜರುಗಳನ್ನು ಕೂರಿಸಿದ್ದರು. ಅರಿಶಿನ, ಕುಂಕುಮ, ಒಂದು ಮೊಳ ಮಲ್ಲಿಗೆ. ದೊಡ್ಡಮಾದಯ್ಯ ಅಡ್ಡ ಬಂದು ಕೈ ಮುಗಿದರು.

“ಮುಟ್ಟಂಗಿಲ್ಲ ಕಣವ್ವ. ಮಗ್ಳು ತವ್ರಿಗೆ ಬಂದವ್ಳೆ. ತವ್ರಿಗೆ ಬಂದ ಎಣ್ಣಿಗೆ ಕೆಲ್ಸ ಏಳ್ಬಾರ್ದು. ಒಂದು ತಿಂಗ್ಳು ಉಂಡ್ಕಂಡು ಸುಮ್ನೆ ಇರ್ಲಿ.”

ಶಿವರತ್ನಮ್ಮ ಮಲ್ಲಿಗೆ ಮುಡಿದ ಲೆಡ್ಜರನ್ನೇ ನೋಡಿದಳು. ಒಂದು ಪುಸ್ತಕದ ಮೇಲೆ ಅವಳಿಗೆ ಹೊಟ್ಟೆಕಿಚ್ಚಾಯಿತು.

“ಏಳ್ಬಾರ್ದಾ ಸಾ? ನಾನು ತವ್ರಿಗೆ ಬಂದು ಅನ್ನೆಲ್ಡು ವರ್ಸ ಆಯ್ತು. ಇವತ್ತೂ ಕೊಟ್ಟಿಗೆ ಬಾಚಿ, ಪಾತ್ರೆ ಬೆಳ್ಗಿ ಬಂದಿವ್ನಿ. ಈ ಸಾಸ್ತ್ರವ ನಮ್ಮಣ್ಣಂಗೆ ಯಾರೂ ಏಳ್ನೇ ಇಲ್ವಲ್ಲ.”

ದೊಡ್ಡಮಾದಯ್ಯನವರ ಮನೆಯಲ್ಲೂ ಒಬ್ಬ ತಂಗಿ ಇದ್ದಳು. ಅಂದು ಬೆಳಿಗ್ಗೆ ಅವರ ಅಂಗಿಗೆ ಇಸ್ತ್ರಿ ಹಾಕಿದವಳು ಅವಳೇ. ಅವರು ಕಾಲರ್ ಮುಟ್ಟಿಕೊಂಡರು. ಆಮೇಲೆ ಬಗ್ಗಿ, ಹೂವು ಪಕ್ಕಕ್ಕಿಟ್ಟು, ಲೆಡ್ಜರು ಬಿಚ್ಚಿದರು.

“ಎಷ್ಟು ಬೇಕವ್ವ?”

“ಅಷ್ಟೂವೆ.”